ಇಟಲಿಯ ಯುದ್ಧ, ಹನುಮವ್ವನ ಪ್ರಶ್ನೆ

ಹೋದ ವಾರ ಅಂಚೆಯವನು ಒಂದು ಪೊಟ್ಟಣ ಕೊಟ್ಟು ಹೋದ. ಬಿಚ್ಚಿದರೆ ಇಟ್ಟಿಗೆ ಗಾತ್ರದ ಇಂಗ್ಲಿಷ್ ಪುಸ್ತಕ, ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ನೆಲದ ಮೇಲೆ ನಡೆದ ಕಾಳಗದ ಚರಿತ್ರೆ. ಮೈಸೂರಿನಲ್ಲಿ ಓದುವ ಮೊಮ್ಮಗಳು ಕಳಿಸಿದ್ದು. ಹೊಸ ಅಂಟಿನ ವಾಸನೆ ಕೋಣೆಯನ್ನೆಲ್ಲ ತುಂಬಿತು. ಸೊಸೆ ಅದನ್ನು ಎರಡು ಕೈಯಲ್ಲಿ ಎತ್ತಿ ನೋಡಿ, "ಮಾವಾರ, ಇದನ್ನ ಓದಿ ಮುಗಸೂದ್ರಾಗ ಇನ್ನೊಂದು ಯುದ್ಧ ಆಗತೈತಿ" ಎಂದಳು.

ನಮ್ಮ ಮನೆಯಲ್ಲಿ ನನಗೆ ಯುದ್ಧದ ಹುಚ್ಚು ಎಂದು ಹೆಸರಾಗಿದೆ. ಅದರಲ್ಲೂ ಇಟಲಿಯದೇ ಆಗಬೇಕು, ಬೇರೆ ಯುದ್ಧ ನಡೆಯುವುದಿಲ್ಲ. ನಿಜ ಹೇಳುತ್ತೇನೆ, ದೀಪಾವಳಿಯ ಪಟಾಕಿಗೆ ಕಿವಿ ಮುಚ್ಚಿಕೊಂಡು ಒಳಗೋಡುವ ಮನುಷ್ಯ ನಾನು. ತೋಪು ಯಾವುದು, ಟ್ಯಾಂಕು ಯಾವುದು ಎಂದು ಚಿತ್ರ ತೋರಿಸಿ ಕೇಳಿದರೆ ಈಗಲೂ ತಡವರಿಸುತ್ತೇನೆ. ಆದರೂ ಆಯುಷ್ಯದ ಬಹುಭಾಗ ಈ ಒಂದು ದಂಡಯಾತ್ರೆಯ ಪುಸ್ತಕಗಳ ಬೆನ್ನು ಹತ್ತಿದೆ. ಅದಕ್ಕೆ ಕಾರಣ ಒಂದು ಅಕ್ಷರವೂ ಓದಲು ಬಾರದ ಹೆಣ್ಣುಮಗಳು.

ಯುದ್ಧ ಮುಗಿದ ಮರುವರ್ಷದ ಮಾತು. ನಾನಾಗ ಕುಷ್ಟಗಿಯ ಸರಕಾರಿ ಶಾಲೆಯಲ್ಲಿ ತವಾರೀಖ್ ಕಲಿಸುವ ಮಾಸ್ತರ. ತವಾರೀಖ್ ಎಂದರೆ ಚರಿತ್ರೆ. ನಿಜಾಮರ ಕಾಲ, ಶಾಲೆಯಲ್ಲಿ ಎಲ್ಲವೂ ಉರ್ದುವಿನಲ್ಲಿ. ಕನ್ನಡದಲ್ಲಿ ಜಗಳಾಡಿ ಉರ್ದುವಿನಲ್ಲಿ ಬೈಸಿಕೊಳ್ಳುವ ಮಕ್ಕಳಿಗೆ ನಾನು ಬಾದಶಹರ ವಂಶಾವಳಿ ಬಾಯಿಪಾಠ ಮಾಡಿಸುತ್ತಿದ್ದೆ. ಹೈದರಾಬಾದಿನಲ್ಲಿ ಓದಿ ಬಂದವನೆಂಬ ಬಿಗುಮಾನ ಬೇರೆ. ಸಂಜೆ ಹೊತ್ತು ಇಂಗ್ಲಿಷ್ ಪತ್ರಿಕೆಯನ್ನು ಕಟ್ಟೆಯ ಮೇಲೆ ಅಗಲವಾಗಿ ಹರಡಿಕೊಂಡು ಓದುವುದು ನನ್ನ ವಾಡಿಕೆ. ಓದುವುದಕ್ಕಿಂತ ಹರಡುವುದೇ ಹೆಚ್ಚಾಗಿತ್ತು.

ನಾನು ಬಾಡಿಗೆಗಿದ್ದ ಕೋಣೆಯ ಎದುರು ಹನುಮವ್ವನ ಮನೆ. ಕುರಿ, ಕಂಬಳಿಯ ಮನೆತನ. ಆಕೆ ಉಣ್ಣೆ ನೂಲುತ್ತಿದ್ದಳು, ಮೈದುನ ನೇಯುತ್ತಿದ್ದ. ಹುಣಸೆಬೀಜ ಅರೆದು ಕಾಸಿದ ಗಂಜಿಯನ್ನು ಕಂಬಳಿಗೆ ಹಚ್ಚುವ ದಿನ ಓಣಿಯೆಲ್ಲ ಹುಳ್ಳಗೆ ನಾರುತ್ತಿತ್ತು. ನಾನು ಮೂಗಿಗೆ ಕೈವಸ್ತ್ರ ಹಿಡಿದರೆ ಆಕೆ ನಗುತ್ತ, ಚಳಿಗಾಲ ಬರಲಿ, ಇದೇ ಕಂಬಳಿ ಬೇಡಿಕೊಂಡು ಬರುತ್ತೀರಿ ಎಂದಳು. ಡಿಸೆಂಬರಿನಲ್ಲಿ ಹೋಗಿ ಬೇಡಿದೆ.

ಆಕೆಯ ಒಬ್ಬನೇ ಮಗ ಬೀರಪ್ಪ ಬೆಳಗಾವಿಗೆ ಹೋಗಿ ದಂಡು ಸೇರಿದ್ದ. ಕುರಿ ಕಾಯ್ದವನೆಂದು ಕೇಳಿ ಅವನ ಕೈಗೆ ಹೇಸರಗತ್ತೆ ಕೊಟ್ಟರಂತೆ. ಮೋಟಾರು ಹತ್ತದ ಗುಡ್ಡಗಳ ಮೇಲಿದ್ದ ಸಿಪಾಯಿಗಳಿಗೆ ರೊಟ್ಟಿ, ಗುಂಡು ಹೊರಿಸಿಕೊಂಡು ಹೋಗುವುದು ಅವನ ಕೆಲಸ. ಅವನು ಇಟಲಿಯಲ್ಲಿ ನವೆಂಬರ್ ಕೊನೆಯಲ್ಲಿ ಸತ್ತನೆಂಬ ಸರಕಾರಿ ಕಾಗದ ಬಂದು ಎರಡು ವರ್ಷ ದಾಟಿತ್ತು. ಅಷ್ಟಾದರೂ ಹನುಮವ್ವ ಮಗನ ಕರ್ಮಗಳನ್ನು ಮಾಡಿಸಿರಲಿಲ್ಲ. ಹಿರಿಯರು ಹೇಳಿ ದಣಿದಿದ್ದರು. ಹೆಣ ಏನಾಯಿತೆಂದು ತಿಳಿಯದೆ ಮಾಡಿಸುವುದಿಲ್ಲ ಎಂದು ಆಕೆಯ ಹಟ.

ಒಂದು ಸಂಜೆ ನನ್ನ ಪತ್ರಿಕೆಯ ಮೇಲೆ ಆ ಕಾಗದ ತಂದಿಟ್ಟಳು.

"ಮಾಸ್ತರ್ರ, ಸತ್ತ ಅಂತ ಬರದಾರ. ಸತ್ತ ಮ್ಯಾಲ ಏನು ಮಾಡಿದ್ರು ಅಂತ ಬರದಿಲ್ಲ. ನಿಮ್ಮ ಬುಕ್ಕಿನ್ಯಾಗ ಇದ್ದರ ನೋಡಿ ಹೇಳ್ರಿ."

ಅದೇನು ಮಹಾ, ವಾರದೊಳಗೆ ಹೇಳುತ್ತೇನೆ ಎಂದು ಮಾತು ಕೊಟ್ಟೆ. ಬಾಯಿ ನನ್ನದಲ್ಲವೆ.

ನಮ್ಮ ಶಾಲೆಯ ಕಪಾಟಿನಲ್ಲಿದ್ದ ಚರಿತ್ರೆ ಮೊದಲನೆಯ ಮಹಾಯುದ್ಧಕ್ಕೆ ಬಂದು ಉಸಿರುಬಿಟ್ಟಿತ್ತು. ಕೊಪ್ಪಳದಲ್ಲೊಬ್ಬ ವಕೀಲರಿದ್ದರು, ಅವರ ಮನೆಯ ಗೋಡೆಗಳಿಗೆ ಸುಣ್ಣ ಕಾಣದಷ್ಟು ಪುಸ್ತಕ ಎಂದು ಕೇಳಿದ್ದೆ. ಭಾನುವಾರ ಇದ್ದಲಿನ ಗ್ಯಾಸಿನ ಮೋಟಾರು ಹತ್ತಿ ಹೊರಟೆ. ಪೆಟ್ರೋಲು ಸಿಗದ ಕಾಲ. ಮೋಟಾರಿನ ಹಿಂದೆ ಹಂಡೆಯಂಥ ಒಲೆ, ಏರು ಬಂದಾಗ ಪ್ರಯಾಣಿಕರೆಲ್ಲ ಇಳಿದು ನಡೆಯಬೇಕು. ಕುಷ್ಟಗಿಯಿಂದ ಕೊಪ್ಪಳಕ್ಕೆ ಅರ್ಧ ದಾರಿ ನಾನು ಮೋಟಾರಿನಲ್ಲಿ ಹೋದೆ, ಉಳಿದರ್ಧ ಮೋಟಾರಿನ ಜೊತೆ ಹೋದೆ.

ವಕೀಲರು ಒಳ್ಳೆಯವರು. ಪುಸ್ತಕ ಮುಟ್ಟುವ ಮುಂಚೆ ಕೈ ತೊಳೆಯಿಸಿ, ಒರೆಸಿಕೊಂಡದ್ದು ನೋಡಿ, ಆಮೇಲೆ ಬೀಗ ತೆಗೆಯುವರು. ಆಫ್ರಿಕದ ಮರಳುಗಾಡಿನ ಮೇಲೆ ಐದು ಪುಸ್ತಕ, ರಷ್ಯದ ಹಿಮದ ಮೇಲೆ ನಾಲ್ಕು. ಇಟಲಿಯದೆಂದರೆ ಅವರೂ ತಲೆ ಕೆರೆದುಕೊಂಡರು. ಇದ್ದದ್ದು ಎರಡು ಪುಟ, ಅದೂ ಸೇನಾಪತಿಗಳ ಮುನಿಸಿನ ಕಥೆ. ಎಲೆಯ ತುದಿಯಲ್ಲಿ ಉಪ್ಪಿನಕಾಯಿಗೆ ಕೊಡುವಷ್ಟು ಜಾಗವನ್ನು ಆ ದಂಡಯಾತ್ರೆಗೆ ಕೊಟ್ಟಿದ್ದರು. ಕೊನೆಗೆ ಯುದ್ಧಕಾಲದ ಸಚಿತ್ರ ಪತ್ರಿಕೆಗಳ ಒಂದು ಕಟ್ಟಿನಲ್ಲಿ, ಇಟಲಿಯಲ್ಲಿ ಮಡಿದ ಹಿಂದೂ ಸಿಪಾಯಿಗಳನ್ನು ಅವರ ಧರ್ಮದಂತೆ ದಹನ ಮಾಡಲಾಯಿತು ಎಂಬ ಒಂದು ಸಾಲು ಕಣ್ಣಿಗೆ ಬಿತ್ತು. ನಾನು ಕುಣಿದಾಡುವುದೊಂದು ಬಾಕಿ.

ನಮ್ಮ ಮನೆತನದಲ್ಲಿ ಸತ್ತವರನ್ನು ಸುಡುತ್ತೇವೆ. ಮಗನನ್ನು ಪರದೇಶದಲ್ಲಿ ಕಿರಿಸ್ತಾನರಂತೆ ಹೂತುಬಿಟ್ಟರೇನೋ ಎಂಬುದೇ ಹನುಮವ್ವನ ಚಿಂತೆ ಇರಬೇಕೆಂದು ನನ್ನಷ್ಟಕ್ಕೆ ನಾನೇ ತೀರ್ಮಾನಿಸಿದ್ದೆ. ಆ ಸೀಮೆಯಲ್ಲೇ ಹುಟ್ಟಿ ಬೆಳೆದವನಿಗೆ ಅಷ್ಟೂ ಗೊತ್ತಿರಲಿಲ್ಲವೆ ಎಂದು ನೀವು ಕೇಳುತ್ತೀರಿ. ಗೊತ್ತಿತ್ತು. ಆಕೆಯ ಮಂದಿ ಹೆಣವನ್ನು ಹೊಲದ ಕಡೆಗೆ ಒಯ್ದು ಮಣ್ಣು ಕೊಡುವುದನ್ನು ಎಷ್ಟು ಸಲ ಕಂಡಿದ್ದೆನೋ. ಪುಸ್ತಕದಲ್ಲಿ ಒಂದು ಸಾಲು ಸಿಕ್ಕಿತೆಂದರೆ ಕಣ್ಣಲ್ಲಿ ಕಂಡದ್ದು ಮರೆತುಹೋಗುವ ರೋಗ ನನಗೆ ಆಗಲೇ ಇತ್ತು. ಮೋಟಾರಿನಿಂದ ಇಳಿದವನೇ ಮುಖ ಕೂಡ ತೊಳೆಯದೆ ಹೋಗಿ, ಕಟ್ಟಿಗೆ ತುಪ್ಪಗಳನ್ನು ನನ್ನ ಕಡೆಯಿಂದಲೇ ಸೇರಿಸಿ, ಸುದ್ದಿಯನ್ನು ಸಾಂಗವಾಗಿ ಹೇಳಿದೆ.

ಆಕೆಯ ಕೈಯಲ್ಲಿದ್ದ ಕದಿರು ನಿಂತಿತು.

"ನಮ್ಮೊಳಗ ಸುಡಂಗಿಲ್ರಿ ಮಾಸ್ತರ್ರ. ದೊಡ್ಡ ರೋಗ ಬಂದು ಸತ್ತವರನ್ನಷ್ಟ ಸುಡತೀವಿ. ನನ್ನ ಮಗ ಏನು ತಪ್ಪು ಮಾಡಿದ್ದ?"

ಆ ಹೊತ್ತು ನನಗಾದ ನಾಚಿಕೆಯನ್ನು ಇಷ್ಟು ವರ್ಷದ ಮೇಲೂ ಬರೆಯಲಾರೆ. ಆಕೆ ಬೈಯಲಿಲ್ಲ. ನೀರು ತಂದುಕೊಟ್ಟಳು, ದೂರದಿಂದ ಬಂದೀರಿ ಕುಡಿಯಿರಿ ಎಂದಳು. ಮರುದಿನ ಎದುರು ಕಟ್ಟೆಯ ಮೇಲೆ ನೂಲುವವರು ಯಾರೂ ಇರಲಿಲ್ಲ. ಅದರ ಮರುದಿನವೂ ಇರಲಿಲ್ಲ. ತರಗತಿಯಲ್ಲಿ ಪಾಣಿಪತ್ತಿನ ಪಾಠ ಬಂತು. ಸತ್ತವರ ಲೆಕ್ಕ ಹೇಳುತ್ತಿದ್ದವನಿಗೆ ಅವರನ್ನೆಲ್ಲ ಏನು ಮಾಡಿದರು ಎಂಬುದು ನನ್ನ ಪುಸ್ತಕದಲ್ಲಿ ಇಲ್ಲವೆಂದು ಮೊದಲ ಸಲ ಹೊಳೆಯಿತು, ಪಾಠ ಅಲ್ಲಿಗೇ ನಿಂತಿತು.

ಮುಂದಿನ ಭಾನುವಾರ ಮತ್ತೆ ಕೊಪ್ಪಳಕ್ಕೆ ಹೋದೆ. ವಕೀಲರು ನನ್ನ ಅವಸ್ಥೆಯನ್ನೆಲ್ಲ ಕೇಳಿದರು. ಪುಸ್ತಕ ಬರೆಯುವವರು ಇನ್ನೂ ಇಟಲಿಗೆ ಬಂದಿಲ್ಲ, ಇಟಲಿಗೆ ಹೋದವರನ್ನು ಹುಡುಕಿರಿ ಎಂದರು. ಮುನಿರಾಬಾದಿನಲ್ಲಿ ಹೊಳೆಗೆ ಅಣೆಕಟ್ಟು ಕಟ್ಟುವ ಕೆಲಸ ಹತ್ತಿತ್ತು. ದಂಡಿನಲ್ಲಿ ಸೇತುವೆ ಕಟ್ಟಿ ಬಂದ ಓವರ್‌ಸಿಯರ್ ಒಬ್ಬರು ಅಲ್ಲಿದ್ದಾರೆಂದು ಅವರೇ ಚೀಟಿ ಬರೆದುಕೊಟ್ಟರು. ಆ ಪುಣ್ಯಾತ್ಮರಿಗೆ ನನ್ನ ಮೊದಲ ನಮಸ್ಕಾರ.

ರೈಲಿನಲ್ಲಿ ಮುನಿರಾಬಾದಿಗೆ ಹೋದೆ. ಓವರ್‌ಸಿಯರ್ ಸಾಹೇಬರು ಅನಂತಪುರದ ಕಡೆಯವರು, ತಗಡಿನ ಮನೆಯಲ್ಲಿ ಒಬ್ಬರೇ ಇದ್ದರು. ಚೀಟಿ ಓದಿ, ಯಾವ ತಿಂಗಳು ಎಂದು ಮಾತ್ರ ಕೇಳಿದರು. ನವೆಂಬರ್ ಕೊನೆ ಎಂದೆ. ಟ್ರಂಕಿನ ತಳದಿಂದ ಒಂದು ತೆಳ್ಳನೆಯ ಪುಸ್ತಕ ತೆಗೆದರು. ಇಟಲಿಗೆ ಹೋದ ನಮ್ಮ ದಂಡಿನ ಬಗ್ಗೆ ಸರಕಾರ ಅಚ್ಚು ಹಾಕಿಸಿದ್ದು. ನೋಡಲು ಅಂಥ ಚೆಂದವೇನೂ ಇಲ್ಲ. ಆದರೆ ಅದನ್ನು ಬರೆದ ಪುಣ್ಯಾತ್ಮ ಮಳೆಯನ್ನು ಬರೆದಿದ್ದ. ಸಾಂಗ್ರೊ ಎಂಬ ನದಿ, ದಿನಗಟ್ಟಲೆ ಹೊಯ್ದ ಮಳೆ, ತೇಲಿಹೋದ ಸೇತುವೆಗಳು, ಮೊಣಕಾಲು ಹುಗಿಯುವ ಕೆಸರು, ಗುಡ್ಡದ ಜಾಡಿನಲ್ಲಿ ಜಾರಿಬಿದ್ದ ಹೇಸರಗತ್ತೆಗಳು. ಆ ಐದಾರು ಪುಟಗಳನ್ನು ನಾನು ನಿಂತಲ್ಲಿಯೇ ಓದಿದೆ.

ಸುಡುವ ವಿಚಾರ ಕೇಳಿದೆ. ಅವರು ಕಿಟಕಿಯಾಚೆ ಹೊಳೆಯನ್ನು ನೋಡುತ್ತ ಹೇಳಿದರು. "ಕೈ ಕಾಸಿಕೊಳ್ಳೋಕೆ ಒಂದು ಒಣಗಿದ ಕಟ್ಟಿಗೆ ಇರಲಿಲ್ಲ ಮಾಸ್ತರೇ. ಹೆಣ ಸುಡೋಕೆ ಎಲ್ಲಿಂದ ತರೋದು? ಆ ವಾರ ಬಿದ್ದವರನ್ನ ಬಿದ್ದಲ್ಲೇ ಮಣ್ಣು ಮಾಡಿದ್ವಿ, ನಾನೂ ಸಲಿಕೆ ಹಿಡಿದಿದ್ದೆ. ಆಮೇಲೆ ಏನಾಯ್ತೋ ಕಾಣೆ."

ಒಮ್ಮೆ ಬಾಯಿಮಾತು ಹೇಳಿ ಕೆಟ್ಟವನು ನಾನು. ಇದನ್ನು ಪುಸ್ತಕದಲ್ಲೇ ಬರೆದುಕೊಡಿ ಎಂದು ಬೇಡಿಕೊಂಡೆ. ಮಳೆಯ ಪುಟದ ಅಂಚಿನಲ್ಲಿ ಅವರು ಪೆನ್ಸಿಲಿನಿಂದ ಕನ್ನಡದಲ್ಲಿ ಬರೆದರು, ಕೆಳಗೆ ಸಹಿ ಹಾಕಿದರು. ಪುಸ್ತಕವನ್ನು ತಿರುಗಿ ತರಬೇಡಿ, ಆ ತಾಯಿಗೆ ಕೊಟ್ಟುಬಿಡಿ ಎಂದರು. ಅವರ ಇಟಲಿಯೆಂದರೆ ಅದೊಂದೇ ಪುಸ್ತಕ, ಟ್ರಂಕಿನಲ್ಲಿ ಆ ಯುದ್ಧದ್ದು ಬೇರೇನೂ ಇರಲಿಲ್ಲ. ಅಪರಿಚಿತನಿಗೆ ಹಾಗೆ ಎತ್ತಿ ಕೊಡುವವರನ್ನು ನಾನು ಮತ್ತೆ ಕಂಡಿಲ್ಲ.

ಈ ಸಲ ಮುಖ ತೊಳೆದುಕೊಂಡು, ಮಾತನ್ನು ಮನಸ್ಸಿನಲ್ಲಿ ಎರಡು ಸಲ ಹೇಳಿಕೊಂಡು ಹನುಮವ್ವನ ಮನೆಗೆ ಹೋದೆ. ಒಂದೊಂದು ಸಾಲೂ ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳಿದೆ. ಆಕೆ ನನ್ನ ಬಾಯಿಯನ್ನಲ್ಲ, ನನ್ನ ಬೆರಳು ಪುಟದ ಮೇಲೆ ಎಲ್ಲಿದೆ ಎಂಬುದನ್ನು ನೋಡುತ್ತಿದ್ದಳು. ಮುಗಿದ ಮೇಲೆ ಕೇಳಿದಳು.

"ಬುಕ್ಕಿನ್ಯಾಗ ಇದ್ದದ್ದು ಹೇಳಾಕತ್ತೀರೋ, ನನ್ನ ಮಾರಿ ನೋಡಿ ಹೇಳಾಕತ್ತೀರೋ?"

"ಮಳಿ ಬುಕ್ಕಿನ್ಯಾಗ ಐತವಾ. ಕಟ್ಟಿಗಿ ಇದ್ದಿಲ್ಲ ಅನ್ನೂದನ್ನ ಕಣ್ಣಿಲೆ ಕಂಡವರು ಕೈಲೆ ಬರದಾರ. ಬೀರಪ್ಪನ ಹೆಸರು ಮಾತ್ರ ಎಲ್ಲೂ ಇಲ್ಲ. ಆಮ್ಯಾಲ ಏನಾತು ಅಂತ ಅವರಿಗೂ ಗೊತ್ತಿಲ್ಲ."

ಮಳೆಯ ಭಾಗವನ್ನು ಇನ್ನೊಮ್ಮೆ ಓದಿಸಿದಳು. ಪೆನ್ಸಿಲಿನ ಬರಹದ ಮೇಲೆ ಅಂಗೈ ಇಟ್ಟಳು. ಆಮೇಲೆ, "ಹಂಗಾರ ಮಣ್ಣಾಗ ಅದಾನ" ಎಂದಳು. ಎರಡು ವರ್ಷ ತಡೆದಿಟ್ಟ ಅಳುವನ್ನು ಆಕೆ ಅಂದು ಅತ್ತಳು. ಮೈದುನ ಮಗ್ಗ ಬಿಟ್ಟು ಬಂದು ಬಾಗಿಲಲ್ಲಿ ನಿಂತ. ನಾನೂ ಅತ್ತೆ, ಅದರಲ್ಲಿ ಮುಚ್ಚಿಡುವುದೇನಿದೆ.

ಮೂರನೆಯ ದಿನ ಅವರ ಹೊಲದ ಬದುವಿನಲ್ಲಿ ಗುಂಡಿ ತೋಡಿದರು. ದಂಡಿಗೆ ಹೋಗುವಾಗ ಬೀರಪ್ಪ ಬಿಟ್ಟುಹೋದ ಕಂಬಳಿಯನ್ನು ಮಡಿಸಿ ಅದರೊಳಗೆ ಇಟ್ಟರು. ಬಂದವರೆಲ್ಲ ಸರದಿಯಂತೆ ಒಂದೊಂದು ಹಿಡಿ ಮಣ್ಣು ಹಾಕಿದರು. ನಾನು ದೂರ ನಿಂತಿದ್ದೆ. ನಮ್ಮ ಮನೆತನದವರು ಮಣ್ಣು ಕೊಟ್ಟವರಲ್ಲ, ಹಾಕಬಹುದೋ ಬಾರದೋ ತಿಳಿಯದು. ಹನುಮವ್ವ ತಿರುಗಿ ನೋಡಿದಳು.

"ಬರ್ರಿ ಮಾಸ್ತರ್ರ, ನೀವೂ ಹಾಕ್ರಿ. ಅವನ ಮಣ್ಣಿನ ಸುದ್ದಿ ತಂದವರು ನೀವ."

ಬಗ್ಗಿ ಒಂದು ಹಿಡಿ ತೆಗೆದುಕೊಂಡೆ. ಚರಿತ್ರೆ ಕಲಿಸುವವನಾಗಿ ನಾನು ಮಾಡಿದ ಕೆಲಸಗಳಲ್ಲಿ ಹೇಳಿಕೊಳ್ಳಬಹುದಾದದ್ದು ಅದೊಂದೇ ಎಂದು ಅನೇಕ ಸಲ ಅನ್ನಿಸಿದೆ. ಮಣ್ಣಿಗೆ ಹೋಗಿ ಬಂದವರು ಸ್ನಾನ ಮಾಡದೆ ಒಳಗೆ ಕಾಲಿಡಬಾರದೆಂದು ಆಕೆಯ ಮೈದುನನೇ ನನಗೆ ನೀರು ಸೇದಿಕೊಟ್ಟ.

ಆ ಪುಸ್ತಕ ಹನುಮವ್ವನ ಮನೆಯ ಮಾಡದಲ್ಲಿ ಉಳಿಯಿತು. ನಾನು ಅಲ್ಲಿಂದ ಯಲಬುರ್ಗಿಗೆ, ಗಂಗಾವತಿಗೆ ವರ್ಗವಾಗುತ್ತ ಹೋದೆ, ಆಕೆಯೂ ಒಂದು ಬೇಸಿಗೆಯಲ್ಲಿ ಅದೇ ಹೊಲದಲ್ಲಿ ಮಗನ ಪಕ್ಕಕ್ಕೆ ಹೋದಳು. 'ಆಮೇಲೆ ಏನಾಯ್ತೋ ಕಾಣೆ' ಎಂಬ ಮಾತು ಮಾತ್ರ ನನ್ನ ಬೆನ್ನು ಬಿಡಲಿಲ್ಲ. ಅದರ ಉತ್ತರಕ್ಕಾಗಿ ಹೋದ ಊರುಗಳಲ್ಲೆಲ್ಲ ಇಟಲಿಯ ಪುಸ್ತಕ ಕೇಳುತ್ತ ಬಂದೆ. ಕೆಲವು ಸಿಕ್ಕವು, ಬಹುಪಾಲು ಸೇನಾಪತಿಗಳ ಮುನಿಸೇ.

ಮೊಮ್ಮಗಳು ಕಳಿಸಿದ ಈ ಪುಸ್ತಕ ಒಳ್ಳೆಯದು. ನಾನು ಕಂಡವುಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದು. ಸಾಂಗ್ರೊ ನದಿಗೆ ಒಂದು ಇಡೀ ಅಧ್ಯಾಯ ಕೊಟ್ಟಿದ್ದಾರೆ, ಮಳೆಯೂ ಇದೆ, ಹೇಸರಗತ್ತೆಗಳೂ ಇವೆ. ನಾನು ಹುಡುಕುತ್ತಿದ್ದ ಉತ್ತರ ಅಧ್ಯಾಯದ ಕೊನೆಯಲ್ಲಿತ್ತು. ಅಲ್ಲಲ್ಲಿ ಹೂತವರನ್ನು ಆಮೇಲೆ ತೆಗೆದು ನದಿಯ ಮೇಲಿನ ದಿಬ್ಬದಲ್ಲಿ ಒಂದೆಡೆ ಸೇರಿಸಿದರಂತೆ. ಅಗ್ನಿಗೆ ಕೊಟ್ಟ ನಮ್ಮ ಕಡೆಯವರ ಹೆಸರುಗಳನ್ನು ಅಲ್ಲೇ ಕಲ್ಲಿನಲ್ಲಿ ಕೆತ್ತಿಸಿದ್ದಾರಂತೆ. ಬೀರಪ್ಪ ಮಣ್ಣಿನಲ್ಲಿ ಉಳಿದವರ ಜೊತೆಯಲ್ಲಿದ್ದಾನೋ, ಅಗ್ನಿಗೆ ಹೋದವರ ಜೊತೆಯಲ್ಲೋ ಪುಸ್ತಕ ಹೇಳುವುದಿಲ್ಲ.

ಕನ್ನಡಕ ತೆಗೆದಿಟ್ಟೆ. ಇಂಥ ಪುಸ್ತಕ ಬೇಗ ಸಿಗಲಿಲ್ಲವೆಂದು ಜೀವಮಾನವೆಲ್ಲ ಗೊಣಗಿದವನು, ಇದು ಹನುಮವ್ವ ಇದ್ದಾಗ ಬಾರದೆ ಇಷ್ಟು ತಡವಾಗಿ ಬಂದದ್ದಕ್ಕೆ ದೇವರಿಗೆ ಕೈಮುಗಿದೆ. ಅಂದು ನನ್ನ ಕೈಗೆ ಸಿಕ್ಕದ್ದು ಆ ತೆಳ್ಳನೆಯ ಪುಸ್ತಕ, ಅಂಚಿನಲ್ಲಿ ಪೆನ್ಸಿಲ್ಲು. ಅದರ ಋಣ ದೊಡ್ಡದು.

ಎದ್ದು ಬಚ್ಚಲಿಗೆ ಹೋಗಿ ತಣ್ಣೀರಲ್ಲೇ ತಲೆಗೆ ಹೊಯ್ದುಕೊಂಡೆ. ಸೊಸೆ ಗಾಬರಿಯಾಗಿ ಟವೆಲ್ಲು ಹಿಡಿದು ಬಂದಳು. ಬೆಳಿಗ್ಗೆ ಜಳಕ ಆಗಿತ್ತಲ್ಲ, ಮತ್ಯಾಕೆ ಎಂದು ಕೇಳಿದಳು.

"ಮಣ್ಣಿಗೆ ಹೋಗಿದ್ದೆನವಾ" ಎಂದೆ.