ರಕ್ಷಾಪುಟಕ್ಕೆ ತಕ್ಕ ತೋಳು

ನಮ್ಮ ಚಿಕ್ಕಮ್ಮ ಹೊಲಿಗೆ ಕಲಿಸುವ ಪುಸ್ತಕ ಬರೆದವಳು. ಬೀದಿಯ ತಿರುವಿನ ತನ್ನ ಅಂಗಡಿಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಲೇ ಬರೆದದ್ದು. ಪ್ರತಿಗಳೇನೋ ಖಾಲಿಯಾದವು, ಆದರೆ ನೋಡಿ ಹೊಲಿದವರೆಲ್ಲ ಒಂದೇ ರಾಗ ತೆಗೆದರು: "ತೋಳು ಹಿಡಿಯುತ್ತೆ, ಕೈ ಎತ್ತೋಕಾಗಲ್ಲ!" ಎಡವಟ್ಟು ಎಲ್ಲಾಯಿತೆಂದು ಅವಳಿಗೆ ಹೊಳೆಯಿತು. ತೋಳಿನ ಅಳತೆಗೆಲ್ಲ ಅವಳು ನಿಲ್ಲಿಸಿಕೊಂಡದ್ದು ಚಿಕ್ಕಪ್ಪನನ್ನು. ಚಿಕ್ಕಪ್ಪನೋ, ಜೋರಾಗಿ ಸೀನಿದರೆ ಹಾರಿಹೋಗುವ ಕಡ್ಡಿ ಪೈಲ್ವಾನ.

ಮರುಮುದ್ರಣದಲ್ಲಿ ಸರಿಮಾಡೋಣವೆಂದು ಅವಳು ಪ್ರಕಾಶಕನ ಮುದ್ರಣಾಲಯಕ್ಕೆ ಹೋದರೆ, ರಕ್ಷಾಪುಟಗಳು ಆಗಲೇ ಅಚ್ಚಾಗಿ ಕಟ್ಟುಕಟ್ಟಾಗಿ ಕೂತಿದ್ದವು. ಅಲ್ಲಿನ ರೂಢಿಯೇ ಹಾಗೆ: ಮೊದಲು ರಕ್ಷಾಪುಟ, ಆಮೇಲೆ ಒಳಪುಟ. ಮೇಲೆ ಕೆಂಪಗೆ, 'ರಿವೈಸ್ಡ್ ಅಂಡ್ ಎನ್‌ಲಾರ್ಜ್ಡ್ ಎಡಿಷನ್.'

"ಏನಣ್ಣಾ ಇದು?"

"ತಿದ್ದಿ ಬೆಳೆಸಿದ ಮುದ್ರಣ ಅಂತ," ಎಂದ ಪ್ರಕಾಶಕ, ಹೊಟ್ಟೆಯ ಮೇಲೆ ಕೈಕಟ್ಟಿಕೊಂಡು.

"ಇನ್ನೂ ಒಂದು ಗೆರೆನೂ ತಿದ್ದಿಲ್ವಲ್ಲೋ ಮಾರಾಯ!"

"ಇಂಗ್ಲಿಷಲ್ಲಿದ್ರೆ ಗಿರಾಕಿ ಕೈ ಹಾಕ್ತಾನೆ ಅಕ್ಕಾ. ಒಳಗೆ ಯಾರು ನೋಡ್ತಾರೆ? ಹಳೇದನ್ನೇ ನಾಳೆ ಅಚ್ಚಿಗೆ ಹಾಕ್ತೀನಿ."

"ಹೊಲಿಯೋರು ನೋಡ್ತಾರೆ. ಮತ್ತೆ ಬೈಸ್ಕೊಳ್ಳೋದು ನನ್ನ ಹೆಸರು."

ರಕ್ಷಾಪುಟದ ಕಟ್ಟುಗಳನ್ನೆಲ್ಲ ತಳ್ಳುಗಾಡಿಗೆ ಹೇರಿಸಿ ಹೊರಟೇಬಿಟ್ಟಳು. ಅಂಗಡಿಯ ಅಟ್ಟಕ್ಕೇರಿಸಿ, ಕಣ್ಣಳತೆಯಲ್ಲೇ ಪ್ರಕಾಶಕನಿಗೊಂದು ಅಂಗಿ ಕತ್ತರಿಸಿದಳು. ಹಳೇ ಪುಸ್ತಕದ ಲೆಕ್ಕವೇ, ಕೂದಲೆಳೆಯಷ್ಟೂ ಆಚೀಚೆಯಿಲ್ಲ.

ಮರುದಿನ ಅವನು ಬುಸುಗುಡುತ್ತ ಬಂದ. "ನನ್ನ ಕಟ್ಟು ಕೊಡಕ್ಕಾ!"

"ಕೊಡ್ತೀನಪ್ಪ. ಮೊದಲು ಈ ಅಂಗಿ ಹಾಕ್ಕೋ. ಆಮೇಲೆ ನೀನೇ ಇಳಿಸ್ಕೊಂಡು ಹೋಗು."

ಹೊಸ ಅಂಗಿ ಯಾರಿಗೆ ಬೇಡ? ತೊಟ್ಟ. ಅಟ್ಟದತ್ತ ಕೈ ಚಾಚಿದ. ಕೈ ಕಿವಿಯ ಮಟ್ಟಕ್ಕೇ ನಿಂತಿತು. ಉಸಿರು ಬಿಗಿಹಿಡಿದು ಇನ್ನಷ್ಟು ಎತ್ತಿದ. ಪರ್ರ್! ಕಂಕುಳಿಂದ ಸೊಂಟದವರೆಗೆ ಹೊಲಿಗೆ ಬಾಯಿಬಿಟ್ಟಿತು. ಮೂಲೆಯಲ್ಲಿ ಗುಂಡಿ ಹಚ್ಚುತ್ತಿದ್ದ ಚಿಕ್ಕಪ್ಪ, "ನಂಗೆ ಸರಿಯಾಗೇ ಕೂರುತ್ತೆ ನೋಡು," ಎಂದು ಕಿಸಕ್ಕನೆ ನಕ್ಕ.

ಪ್ರಕಾಶಕ ಸ್ಟೂಲಿನ ಮೇಲೆ ಕುಸಿದ. "ತಿದ್ದೋಕೆ ಎಷ್ಟು ದಿನ ಬೇಕು?"

"ನೀನು ಅಳತೆಗೆ ಬಂದು ನಿಂತ್ಕೊಂಡಷ್ಟು ಬೇಗ."

ನಿಂತ. ಗೊಣಗಿಕೊಂಡೇ ದಿನಾ ಬಂದು ನಿಂತ. ತೋಳಿನ ನಕ್ಷೆಗಳನ್ನೆಲ್ಲ ಅವಳು ಹೊಸದಾಗಿ ಬರೆದಳು. ದಪ್ಪ ಮೈಯವರಿಗೆಂದೇ ಒಂದು ಅಧ್ಯಾಯ ಸೇರಿಸಿದಳು. ಕಡೆಗೆ ಹೊಸ ಲೆಕ್ಕದ ಅಂಗಿ ತೊಡಿಸಿ, ಅಟ್ಟದ ಕಡೆ ಬೆರಳು ತೋರಿಸಿದಳು.

"ಈಗ ಇಳಿಸ್ಕೋ."

ಅವನು ಎರಡೂ ಕೈ ಮೇಲೆತ್ತಿ, ಕೆಂಪಕ್ಷರದ ಕಟ್ಟುಗಳನ್ನು ಒಂದೊಂದಾಗಿ ಇಳಿಸಿಕೊಂಡ.