ಕಿವಿ ಇರುವ ಕೌದಿ

ಹೋದ ತಿಂಗಳು ಒಂದು ಮಧ್ಯಾಹ್ನ ನಾನು ನನ್ನ ಲುಂಗಿಯನ್ನು ಕೌದಿಗೆ ಸೇರಿಸಿ ಹೊಲಿದುಬಿಟ್ಟೆ.

ನೆಲದ ಮೇಲೆ ಕುಳಿತಿದ್ದೆ. ತೊಡೆಯ ಮೇಲೆ ಕೌದಿ. ಸೂಜಿ ಚೆನ್ನಾಗಿ ಓಡುತ್ತಿದೆ ಎಂಬ ಖುಷಿ ಬೇರೆ. ಹೊರಗೆ ಯಾರೋ ಕರೆದರು. ಎದ್ದೆ. ನನ್ನ ಜೊತೆ ಕೌದಿಯೂ ಎದ್ದಿತು! ಬಾಗಿಲಲ್ಲಿ ನಿಂತಿದ್ದವನು ಬಸಣ್ಣ, ಮಾರ್ಕೆಟ್ ಯಾರ್ಡಿನಲ್ಲಿ ನನ್ನ ಜೊತೆ ಚೀಲ ಹೊರುವ ಗೆಳೆಯ.

"ಏನ್ಲೇ ದೋಸ್ತ, ಸೆರಗ ಬಿಟ್ಕೊಂಡು ಎಲ್ಲಿಗಿ ಹೊಂಟಿ?"

ಸಂಜೆಯೊಳಗೆ ಹಾನಗಲ್ಲಿನ ಚಹಾದಂಗಡಿಗಳಿಗೆಲ್ಲ ಸುದ್ದಿ ಮುಟ್ಟಿತು. (ಬಸಣ್ಣ ಇರುವಾಗ ವಾಟ್ಸಾಪ್ ಯಾಕೆ ಬೇಕು?)

ನಗಬೇಡಿ. ಈ ಅಂಕಣ ಓದುವ ನಿಮಗೆ ನಾನು ಯಾರೆಂದು ಗೊತ್ತಿದೆ. ಆರನೇ ಇಯತ್ತೆಗೆ ಶಾಲೆ ಬಿಟ್ಟವನು, ಅಂದಿನಿಂದ ಹಮಾಲ. ಅಕ್ಷರ ಕೈಗೆ ಹತ್ತಿದ್ದು ಆಮೇಲೆ, ಚೀಲದ ಮೇಲೆ ವ್ಯಾಪಾರಿಗಳ ಹೆಸರು ಬರೆದು ಬರೆದು. ಗೋವಿನಜೋಳದ ಚೀಲದ ಬಾಯಿ ಹೊಲಿಯುವುದರಲ್ಲಂತೂ ಇಡೀ ಯಾರ್ಡಿನಲ್ಲಿ ನನ್ನನ್ನು ಮೀರಿಸಿದವರಿಲ್ಲ. ನಾನು ದಬ್ಬಣ ಹಿಡಿದು ಸುತಳಿ ಎಳೆದ ಚೀಲ ಲಾರಿಯ ಮೇಲಿಂದ ಬಿದ್ದರೂ ಒಂದು ಕಾಳು ಹೊರಗೆ ಬರುವುದಿಲ್ಲ. (ಇದನ್ನು ಬೇರೆಯವರು ಹೇಳಬೇಕಿತ್ತು. ಯಾರೂ ಹೇಳಲಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ.)

ಇಂಥವನಿಗೆ ಒಂದು ಸಣ್ಣ ಸೂಜಿ ಯಾವ ಲೆಕ್ಕ?

ನಡೆದದ್ದು ಇಷ್ಟು. ಮಗಳು ಶೋಭಾ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಹೆಣ್ಣು ಕೂಸು. ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬಂದಿತ್ತು. ಕೂಸಿನ ಮೊದಲ ಕೌದಿ ತವರುಮನೆಯದೇ ಆಗಬೇಕು. ಹಿರಿಯರು ಉಟ್ಟು ಉಟ್ಟು ಮೆತ್ತಗಾದ ಸೀರೆಯಿಂದ ಮನೆಯವರ ಕೈಯಿಂದಲೇ ಆಗಬೇಕು. ನಮ್ಮ ಅವ್ವ ಸಾಯುವ ಮುಂಚೆ ತನ್ನ ಹಸಿರು ಇಳಕಲ್ ಸೀರೆಯೊಂದನ್ನು ಗಂಟು ಕಟ್ಟಿ ಇಟ್ಟು, "ಶೋಭಾನ ಕೂಸಿಗಿ" ಎಂದು ಹೇಳಿ ಹೋಗಿದ್ದಳು. ಅದನ್ನು ಹೊಲಿಯಬೇಕಾದವಳು ನನ್ನ ಹೆಂಡತಿ ನೀಲವ್ವ. ಅವಳು ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಮೊಣಕೈತನಕ ಪ್ಲಾಸ್ಟರ್. ಇನ್ನು ಬಾಣಂತಿ ಸೂಜಿ ಹಿಡಿದರೆ ಕಣ್ಣು ಹೋಗುತ್ತವೆ ಎಂಬುದು ಓಣಿಯ ಹೆಂಗಸರ ತೀರ್ಪು. ಅದರ ಮೇಲೆ ಅಪೀಲಿಲ್ಲ.

"ಹುಬ್ಬಳ್ಳಿಂದ ಒಂದು ಬ್ಲ್ಯಾಂಕೆಟ್ ತಂದ್ರಾತು ಬಿಡ್ರಿ," ಎಂದಳು ನೀಲವ್ವ. ಹೇಳುವಾಗ ಮುಖ ಆ ಕಡೆ ತಿರುಗಿಸಿದಳು. ಅವ್ವನ ಸೀರೆಯ ಗಂಟು ಅವಳ ತೊಡೆಯ ಮೇಲೇ ಇತ್ತು.

"ನಾ ಹೊಲೀತೇನಿ," ಎಂದೆ.

"ಅಯ್ಯ ಶಿವನ, ನೀವಾ? ನಗಸಬ್ಯಾಡ್ರಿ, ಕೈ ನೋಯ್ತೈತಿ!"

ನಗು ಮುಗಿಯುವ ಮುಂಚೆ ಒಂದು ಸಾಲು ಹೊಲಿದು ತೋರಿಸಿದೆ. ಅವಳು ಎಡಗೈಯ ಕಿರುಬೆರಳನ್ನು ನನ್ನ ಹೊಲಿಗೆಯ ಕೆಳಗೆ ತೂರಿಸಿ ಮೇಲೆತ್ತಿದಳು.

"ಇದು ಗೊಂಜಾಳದ ಚೀಲ ಅಲ್ರಿ. ಕೂಸಿನ ಬೆರಳು ಇದರಾಗ ಸಿಕ್ಕೊಂಡ್ರ ಏನ್ ಮಾಡ್ತೀರಿ? ಬಿಚ್ರಿ."

ಬಿಚ್ಚಿದೆ. ಮತ್ತೆ ಹೊಲಿದೆ. ಈ ಸಲ ಬಟ್ಟೆ ಸುಟ್ಟ ಹಪ್ಪಳದಂತೆ ಮುದುಡಿತು. ಸುತಳಿ ಎಳೆದ ಕೈಯಲ್ಲವೇ?

"ಜಗ್ಗಬ್ಯಾಡ್ರಿ! ದಾರ ತಾನ ಬರ್ತೈತಿ."

ಜಗ್ಗಬೇಡ ಎಂದು ನನಗೆ ಮೊದಲು ಹೇಳಿದವಳು ಇವಳೇ. ಯಾರ್ಡಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಎಲ್ಲರೂ ಕೂಗುವುದು 'ಜಗ್ಗು, ಜಗ್ಗು' ಎಂದೇ! ಮೆಲ್ಲಗೆ ಮಾಡುವುದೂ ಒಂದು ದುಡಿಮೆ ಎಂದು ನನಗೆ ಹೇಗೆ ಗೊತ್ತಿರಬೇಕು? ಭುಜಕ್ಕಿಂತ ಮೊದಲು ಕುತ್ತಿಗೆ ನೋಯುತ್ತದೆ, ಕುತ್ತಿಗೆಗಿಂತ ಮೊದಲು ಅಭಿಮಾನ. ಒಂದೇ ಸಮಾಧಾನ: ನನ್ನ ಬೆರಳುಗಳು ಎಷ್ಟು ದಡ್ಡುಗಟ್ಟಿವೆ ಎಂದರೆ ಸೂಜಿ ಚುಚ್ಚಿದರೆ ಸೂಜಿಗೇ ನೋವು.

ಚಹಾದಂಗಡಿಯಲ್ಲಿ ಬಸಣ್ಣ ಬಿಡಲಿಲ್ಲ. "ಗಂಡಸು ಕೌದಿ ಹೊಲೀತಾನೇನ್ಲೇ?"

"ನಿನ್ನ ಪ್ಯಾಂಟ್ ಯಾರು ಹೊಲದಾರ?"

"ಟೇಲರ್."

"ಅಂವಾ ಗಂಡಸೋ, ಹೆಂಗಸೋ?"

ಬಸಣ್ಣ ಚಹಾ ಕುಡಿದ. ಪೇಟೆಯಲ್ಲಿ ಮಷೀನಿನ ಮುಂದೆ ಕುಳಿತರೆ ಹೋಗದ ಗಂಡಸುತನ ಮನೆಯಲ್ಲಿ ಚಾಪೆಯ ಮೇಲೆ ಕುಳಿತರೆ ಹೋಗಿಬಿಡುತ್ತದೆಯೇ?

ಹೊಲಿಗೆ ಸಣ್ಣದಾಗುತ್ತ ಬಂತು. ಮೊದಲು ಗೋವಿನಜೋಳದ ಕಾಳಿನಷ್ಟು, ಆಮೇಲೆ ಬಿಳಿಜೋಳದಷ್ಟು, ಕೊನೆಗೆ ಅಕ್ಕಿಕಾಳಿನಷ್ಟು. ನೀಲವ್ವನ ಕಿರುಬೆರಳಿಗೆ ಕೆಲಸವಿಲ್ಲದಂತಾಯಿತು. ಅವಳು ಹೊಗಳಲಿಲ್ಲ. ಬಿಚ್ಚು ಎನ್ನುವುದನ್ನು ನಿಲ್ಲಿಸಿದಳು. ನನಗೆ ಅಷ್ಟು ಸಾಕಿತ್ತು.

ಆದರೆ ಕೈಯ ಚಾಳಿ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ನೀಲವ್ವ ಕೈ ತೋರಿಸಲು ದವಾಖಾನೆಗೆ ಹೋದ ದಿನ ಒಬ್ಬನೇ ಕುಳಿತು ಅಂಚು ಮುಗಿಸಿದೆ. ಚೀಲ ಹೊಲಿಯುವಾಗ ನಾವು ಮೂಲೆಯ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಂಡಿ, ಸುತಳಿ ಸುತ್ತಿ, ಗಂಟಿನಾಚೆ ಒಂದಿಷ್ಟು ಬಿಡುತ್ತೇವೆ. ಅದಕ್ಕೆ ಕಿವಿ ಎನ್ನುತ್ತೇವೆ. ಎತ್ತುವವನಿಗೆ ಹಿಡಿತ ಸಿಗಲಿ ಎಂದು. ನನ್ನ ಕೈ ನನ್ನನ್ನು ಕೇಳದೇ ಕೌದಿಯ ನಾಲ್ಕೂ ಮೂಲೆಗೆ ನಾಲ್ಕು ಕಿವಿ ಕಟ್ಟಿತ್ತು!

"ಕೌದಿಗಿ ಕಿವಿ ಯಾಕ್ರಿ?" ನೀಲವ್ವ ಹಣೆ ಬಡಿದುಕೊಂಡಳು. (ಎಡಗೈಯಿಂದ.)

ಬಿಚ್ಚಲು ಹೋದೆ. ಗಂಟಿಗೆ ಸೂಜಿ ಹಾಕಿ ಎತ್ತಿದೆನಷ್ಟೇ, ಹಳೆಯ ಸೀರೆ ಚರ್ ಎಂದಿತು. ಸೂಜಿ ಬಿಟ್ಟೆ. ಇನ್ನೊಂದು ಸಲ ಎತ್ತಿದ್ದರೆ ಅವ್ವನ ಸೀರೆ ಹರಿದೇ ಹೋಗುತ್ತಿತ್ತು.

"ಇರ್ಲಿ, ಬಿಡ್ರಿ," ಎಂದಳು ನೀಲವ್ವ ಮೆಲ್ಲಗೆ. "ಬೀಗತಿ ಏನಂತಾರೋ ಏನೋ. ನಮಗಂದ್ರ ಅನ್ಲಿ. ಶೋಭಾಗ ಅಂದ್ರ?"

ಭಯ ಇದ್ದದ್ದು ಅದೇ. ಮಗಳನ್ನು ಕೊಟ್ಟದ್ದು ಹಿರೇಕೆರೂರು ತಾಲೂಕಿನ ಹಂಸಭಾವಿಗೆ. ಬೀಗತಿಯ ಕೌದಿ ಎಂದರೆ ಆ ಕಡೆ ಸುತ್ತಲಿನ ಊರುಗಳಲ್ಲೆಲ್ಲ ಹೆಸರು. ನನ್ನ ಕೌದಿ ನಗೆಪಾಟಲಾದರೆ ನಾನು ಯಾರ್ಡಿಗೆ ಹೋಗಿ ಮರೆಯುತ್ತೇನೆ. ಮಗಳು ಆ ಮಾತನ್ನು ಅದೇ ಮನೆಯಲ್ಲಿ ವರ್ಷಗಟ್ಟಲೆ ಕೇಳಬೇಕಲ್ಲ?

ತೊಟ್ಟಿಲ ದಿನ ಬೀಗತಿ ಮೂಗಿನ ಮೇಲೆ ಚಾಳೀಸು ಏರಿಸಿ ಕೌದಿಯ ಮೇಲೆ ಬೆರಳಾಡಿಸಿದರು. ಹೆಂಗಸರೆಲ್ಲ ಕೌದಿಯ ಸುತ್ತ ಬಾಗಿದರು.

"ಹೊಲಿಗಿ ಯಾರದ್ರಿ?"

ಎಲ್ಲರೂ ನೀಲವ್ವನ ಪ್ಲಾಸ್ಟರ್ ನೋಡಿದರು. ಶೋಭಾ ತಲೆ ಬಗ್ಗಿಸಿದಳು. ನಾನು ಬಾಗಿಲ ಬಳಿ ಗಂಡಸರ ನಡುವಿನಿಂದ ಎದ್ದು ನಿಂತೆ.

"ನಂದ್ರಿ, ಬೀಗತಿ."

ಮನೆ ತುಂಬ ನಗು. ಬೀಗತಿ ನಗಲಿಲ್ಲ. ಒಂದು ಮೂಲೆ ಹಿಡಿದು ಕೇಳಿದರು: "ಇದೇನ್ರಿ ಇದು?"

"ಚೀಲದ ಕಿವಿರಿ. ಎತ್ತಾಕ ಹಿಡಿತ ಸಿಗ್ಲಿ ಅಂತ. ಕೈ ರೂಢಿ, ಬಂದ್ಬಿಟ್ಟೈತಿ."

ಅವರು ಆ ಕಿವಿಯನ್ನು ಜಗ್ಗಿ ನೋಡಿದರು. ಇನ್ನೊಂದನ್ನೂ ಜಗ್ಗಿದರು. ಅವರ ಮನೆತನದಲ್ಲಿ ತೊಟ್ಟಿಲಿಗೆ ಹಾಕುವ ಮುಂಚೆ ಕೂಸನ್ನು ಕೌದಿಯಲ್ಲಿ ಮಲಗಿಸಿ, ನಾಲ್ವರು ಮುತ್ತೈದೆಯರು ನಾಲ್ಕು ಮೂಲೆ ಹಿಡಿದು ತೂಗುವ ಪದ್ಧತಿ. ನನಗದು ಗೊತ್ತೇ ಇರಲಿಲ್ಲ.

"ಪ್ರತಿ ಸಲ ಮೂಲಿ ಜಾರತೈತಿ, ನನ್ನ ಜೀವ ಬಾಯಿಗಿ ಬರ್ತೈತಿ," ಎಂದರು ಬೀಗತಿ. ಆಮೇಲೆ ತಮ್ಮ ಹೆಂಗಸರನ್ನು ಕೂಗಿದರು: "ಬರ್ರೆವಾ, ಹಿಡೀರಿ ಒಂದೊಂದು ಕಿವಿ!"

ಹಸಿರು ಇಳಕಲ್ ಸೀರೆ ತೂಗಿತು. ಒಂದು ಮೂಲೆಯೂ ಜಾರಲಿಲ್ಲ. ಕೂಸು ಕಣ್ಣು ಬಿಟ್ಟು ನೋಡಿ, ಮತ್ತೆ ಮಲಗಿತು. ಶೋಭಾ ತಲೆ ಎತ್ತಿ, ಹೆಂಗಸರನ್ನೆಲ್ಲ ದಾಟಿ ನನ್ನ ಕಡೆ ನೋಡಿದಳು.

"ಇಷ್ಟು ಕೌದಿ ಹೊಲದೇನಿ," ಎಂದರು ಬೀಗತಿ ಎಲ್ಲರಿಗೂ ಕೇಳುವಂತೆ, "ಇದು ನನಗ್ಯಾಕ ಹೊಳೀಲಿಲ್ಲವ್ವಾ?"

ಬಸಣ್ಣ ಅಲ್ಲೇ ಹೋಳಿಗೆ ಉಣ್ಣುತ್ತಿದ್ದ. ಈ ಸುದ್ದಿಯನ್ನೂ ಯಾರ್ಡಿಗೆ ಅವನೇ ಮುಟ್ಟಿಸಿದ. ನಾನು ತಡೆಯಲಿಲ್ಲ.

ಈಗ ನೀಲವ್ವನ ಪ್ಲಾಸ್ಟರ್ ಬಿಚ್ಚಿದ್ದಾರೆ. ನಿನ್ನೆ ಹೊಸ ಕೌದಿ ಹಿಡಿದು ಕುಳಿತಿದ್ದಳು. ಮೂಲೆಗೆ ಬಂದು ಸೂಜಿ ನಿಲ್ಲಿಸಿದಳು. ತಲೆ ಎತ್ತದೆ ಕೇಳಿದಳು: "ಏನ್ರಿ, ಆ ಕಿವಿ ಹೆಂಗ ಕಟ್ಟೂದು? ಒಂದ್ಸಲ ತೋರಸ್ರಿ."

ತೋರಿಸಿದೆ. ಅವಳು ಮೆಲ್ಲಗೆ ದಾರ ಸುತ್ತಿದಳು.

"ಹಂಗಲ್ಲ, ಜಗ್ಗು!" ಎಂದೆ. ಆ ಒಂದು ಮಾತು ಆಡುವಾಗಿನ ಸುಖ ಯಾವ ಶಾಲೆಯ ಸರ್ಟಿಫಿಕೇಟಿನಲ್ಲಿದೆ, ಹೇಳಿ?