ಒಂದೇ ಕಡೆಯ ತೋಳುಗಳು

"ಅಕ್ಕ, ಸದ್ಯ ಬದುಕಿಕೊಂಡ್ವಿ. ಇವರಿಗೆ ಆ ಇನ್ನೊಂದು ಕಾಯಿಲೆ ಅಲ್ವಂತೆ. ಬರೀ ಡಿಮೆನ್ಷಿಯಾ ಅಂತೆ. 'ಡಿಮೆನ್ಷಿಯಾ ಥರ ಕಾಣುತ್ತೆ, ಯಾಕೆ ಅಂತ ನೋಡೋಣ' ಅಂದ್ರು ಡಾಕ್ಟ್ರು. ಆಲ್‌ಝೈಮರ್ ಅನ್ನೋ ಮಾತೇ ಅವರ ಬಾಯಲ್ಲಿ ಬರಲಿಲ್ಲ. ಆಚೆ ಬಂದ ಮೇಲೆ ನನ್ನ ಮೈದುನನೂ ಹೇಳಿದ, 'ಅದು ಬೇರೆ, ಇದು ಬೇರೆ ಅತ್ತಿಗೆ. ಅದು ಬಂದ್ರೆ ಮನುಷ್ಯ ಮುಗಿದ ಹಾಗೆ. ಇದು ವಯಸ್ಸಾದವರಿಗೆ ಬರೋ ಮರೆವು, ಅಷ್ಟೇ' ಅಂತ. ರಕ್ತದಲ್ಲಿ ಬಿ ಹನ್ನೆರಡೋ ಏನೋ ಒಂದು ವಿಟಮಿನ್ ತೀರಾ ಕಮ್ಮಿ ಇದೆಯಂತೆ. ಅದು ಕಮ್ಮಿ ಆದ್ರೂ ಮರೆವು ಬರುತ್ತಂತೆ. ಇಂಜೆಕ್ಷನ್ ತಗೊಂಡ್ರೆ ಕೆಲವರು ಚೇತರಿಸಿಕೊಳ್ತಾರಂತೆ. ಎಣ್ಣೆ ಬಿಡದ ಮೆಷಿನ್ನು ಬಿಗಿಯಾಗಲ್ವಾ? ಎಣ್ಣೆ ಬಿಟ್ರೆ ಓಡಲ್ವಾ? ಇವರೂ ಓಡ್ತಾರೆ. ಸ್ಕೂಲಿನವರ ಯೂನಿಫಾರಂ ಕೆಲಸ ಬೇಡ ಅನ್ನೋಣ ಅಂತಿದ್ದೆ, ಬರ್ತಾ ದಾರೀಲಿ ಒಪ್ಪಿಕೊಂಡೇ ಬಂದುಬಿಟ್ಟೆ. ಸಾಕಾಗಿಹೋಗಿದೆ ಅಕ್ಕ. ಇನ್ನು ಸ್ವಲ್ಪ ದಿನ ತಾನೆ, ಹೇಗೋ ತಳ್ಳಿಬಿಡ್ತೀನಿ."

ಇಷ್ಟನ್ನೂ ಅವಳು ಹೇಳಿದ್ದು ಮೆಷಿನ್ ತುಳಿಯುತ್ತಲೇ. ತುಳಿಯುವುದನ್ನು ನಿಲ್ಲಿಸಿ ಮಾತಾಡಿದ್ದನ್ನು ನಾನು ಕಂಡಿಲ್ಲ. ಅವಳ ಗಂಡ ನಮ್ಮ ಬೀದಿಯ ದರ್ಜಿ. ಎಲ್ಲರೂ ಅವರನ್ನು ಮಾಸ್ಟರು ಎನ್ನುತ್ತಾರೆ, ಹಾಗಾಗಿ ಅವಳು ಮಾಸ್ಟರಮ್ಮ. ಅಂಚು ಮಡಿಸುವುದು, ಗುಂಡಿ ಹಚ್ಚುವುದು ನನ್ನ ಕೆಲಸ. ಅಂಗಡಿಯ ಮೂಲೆಯ ಸ್ಟೂಲಿನ ಮೇಲೆ ಕೂತು, ಕೈ ಆಡಿಸುತ್ತಾ ಅವರಿಬ್ಬರ ಮಾತು ಕೇಳುತ್ತಾ ನನಗೂ ವಯಸ್ಸಾಯಿತು.

ಮದುವೆಯಾಗಿ ಬಂದಾಗ ಅವಳಿಗೆ ಸೂಜಿಗೆ ದಾರ ಪೋಣಿಸಲೂ ಬರುತ್ತಿರಲಿಲ್ಲ. ಹೊಲಿಗೆ ಕಲಿಸಿದವರು ಮಾಸ್ಟರೇ. ಕತ್ತರಿಯನ್ನು ಮಾತ್ರ ಮುಟ್ಟಗೊಡಲಿಲ್ಲ. "ಕೋಟಿನ ಬಟ್ಟೆ ನಿನ್ನ ಕೈಗೆ ಸಿಕ್ಕಿದ್ರೆ ಕರವಸ್ತ್ರ ಆಗಿ ಬರುತ್ತೆ" ಎಂದು ಗಿರಾಕಿಗಳ ಮುಂದೆಯೇ ರೇಗಿಸುತ್ತಿದ್ದರು. "ಆಗಲಿ ಬಿಡಿ, ಸುರಿಯೋ ನಿಮ್ಮ ಮೂಗಿಗಾದ್ರೂ ಆಗುತ್ತೆ" ಎಂದು ಅವಳು ತಿರುಗಿಸಿ ಕೊಡುತ್ತಿದ್ದಳು. ಅಳತೆ ತೆಗೆಯುವುದು, ಸೀಮೆಸುಣ್ಣದಲ್ಲಿ ಗೀರು ಹಾಕುವುದು, ಕತ್ತರಿಸುವುದು ಅವರು. ಒಂದೊಂದು ಉಡುಪಿನ ತುಂಡುಗಳನ್ನೂ ಅದೇ ಬಟ್ಟೆಯ ಪಟ್ಟಿಯಿಂದ ಕಟ್ಟಿ ಅವಳತ್ತ ಎಸೆಯುತ್ತಿದ್ದರು. ಅವಳು ಗಂಟು ಬಿಚ್ಚಿ, ಅಳೆದು ನೋಡದೆಯೇ ಹೊಲಿಯುತ್ತಿದ್ದಳು. ಅಷ್ಟು ನಂಬಿಕೆ.

ಆ ಗಂಟುಗಳು ಕೆಟ್ಟು ಎರಡು ವರ್ಷದ ಮೇಲಾಗಿತ್ತು. ಕುತ್ತಿಗೆಗಿಂತ ಕಾಲರ್ ಚಿಕ್ಕದು. ಒಂದು ಅಂಗಿಗೆ ಬೆನ್ನೇ ಇಲ್ಲ. ಅವಳು ಉಸಿರೆತ್ತಲಿಲ್ಲ. ಅದೇ ಬಣ್ಣದ ಬಟ್ಟೆ ಹುಡುಕಿ ತರುವಳು. ಊಟವಾಗಿ ಮಾಸ್ಟರು ಮಲಗಿದಾಗ ಅಡುಗೆಮನೆಯ ನೆಲದ ಮೇಲೆ ಹಾಸಿ, ಹಳೆಯ ಅಂಗಿ ಇಟ್ಟು ಅಂದಾಜು ಮಾಡಿ ತಾನೇ ಕತ್ತರಿಸುವಳು. ಗಿರಾಕಿಗೆ ಹೇಳಲಿಲ್ಲ, ಮೈದುನನಿಗೆ ಹೇಳಲಿಲ್ಲ. ನನಗೆ ತಿಳಿದದ್ದು ಅಂಚು ಮಡಿಸುವಾಗ ಕತ್ತರಿಯ ಕೈ ಬೇರೆ ಅನ್ನಿಸಿದ್ದರಿಂದ. ಕೇಳಿದ್ದಕ್ಕೆ, "ಅವರ ಕೈ ತಪ್ಪಿತು ಅಂತ ನಾನೇ ಸಾರಲಾ ಅಕ್ಕ? ಅವರಿಗೆ ಇರೋದು ಆ ಒಂದು ಹೆಸರು" ಎಂದಳು.

ಇಂಜೆಕ್ಷನ್ ಶುರುವಾದ ಮೇಲೆ ಮಾಸ್ಟರ ಮುಖಕ್ಕೆ ಸ್ವಲ್ಪ ಕಳೆ ಬಂತು. ನಡಿಗೆಯೂ ಗಟ್ಟಿಯಾಯಿತು. ಯೂನಿಫಾರಂ ಬಟ್ಟೆ ಬಂದಾಗ, ಯಾರೂ ಕರೆಯದೆ ತಾವೇ ಮೇಜಿನ ಮುಂದೆ ನಿಂತರು. ಇಡೀ ದಿನ ಕತ್ತರಿ ಆಡಿತು. ಅವಳು ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು, ನೋಡಿದಿರಾ ಎನ್ನುವ ಹಾಗೆ.

ಮರುದಿನ ಗಂಟು ಬಿಚ್ಚಿದರೆ ಎಲ್ಲವೂ ಎಡತೋಳು. ಬಟ್ಟೆಯನ್ನು ಮಡಿಸಿ ಕತ್ತರಿಸಿದರೆ ಎಡ ಬಲ ಎರಡೂ ಒಟ್ಟಿಗೆ ಸಿಗುತ್ತವೆ. ಹೊಲಿಗೆ ಕಲಿಯುವವರಿಗೆ ಮೊದಲು ಹೇಳಿಕೊಡುವುದೇ ಅದನ್ನು. ಮಾಸ್ಟರು ಮಡಿಸಿಯೇ ಇರಲಿಲ್ಲ.

"ರೀ, ಬಲಗಡೆ ತೋಳೆಲ್ಲಿ?"

"ನೀನೇ ಎಲ್ಲೋ ಇಟ್ಟಿರ್ತೀಯ, ಹುಡುಕು. ಹುಡುಗರೇನು ತೋಳಿಲ್ಲದೆ ಹುಟ್ತಾರಾ?"

ಅವಳಿಗೂ ನನಗೂ ನಗು ಬಂತು. ನಕ್ಕು ಮುಗಿದ ಮೇಲೆ ಅವಳು ಎಷ್ಟೋ ಹೊತ್ತು ಮೆಷಿನ್ ತುಳಿಯಲಿಲ್ಲ.

ಮತ್ತೆ ಆಸ್ಪತ್ರೆಗೆ ಹೋಗುವಾಗ ನನ್ನನ್ನೂ ಕರೆದಳು. ಮೈದುನನೂ ಬಂದಿದ್ದ. ಡಾಕ್ಟರು ಹೆಂಗಸು, ಬೆಳಗಿನಿಂದ ಮಾತಾಡಿ ಗಂಟಲು ಕಟ್ಟಿದ ಹಾಗಿತ್ತು.

"ಕೆಲಸ ಹೇಗೆ ಮಾಡ್ತಾರೆ?" ಎಂದರು.

"ಕೆಲಸದಲ್ಲಿ ಏನೂ ತೊಂದರೆ ಇಲ್ಲ ಮೇಡಂ, ಅವರ ಕತ್ತರಿ ಅಂದ್ರೆ..." ಎಂದು ರೂಢಿಯ ಮಾತು ಶುರುಮಾಡಿ ಅವಳು ಅರ್ಧಕ್ಕೇ ನಿಂತಳು. ಆಮೇಲೆ ಕಾಲರು, ಬೆನ್ನಿಲ್ಲದ ಅಂಗಿ, ತೋಳು ಎಲ್ಲವನ್ನೂ ಹೇಳಿದಳು, ತಲೆ ತಗ್ಗಿಸಿಕೊಂಡು.

"ಹೋದ ಸಲ ಎಲ್ಲ ಸರಿಯಾಗಿದೆ ಅಂದಿದ್ರಲ್ಲಮ್ಮ?"

"ನಾನು ಸರಿಮಾಡ್ತಿದ್ದೆ ಮೇಡಂ. ಅದಕ್ಕೆ ಸರಿಯಾಗಿತ್ತು."

ತಲೆಯ ಸ್ಕ್ಯಾನ್ ಆಯಿತು. ಗಡಿಯಾರ ಬರೆಸಿದರು, ಮಾತು ನೆನಪಿಟ್ಟು ಹೇಳಿಸಿದರು. ಎಲ್ಲ ನೋಡಿ ಡಾಕ್ಟರು ಆ ಇನ್ನೊಂದು ಹೆಸರನ್ನೇ ಹೇಳಿದರು, ಆಲ್‌ಝೈಮರ್.

"ಡಿಮೆನ್ಷಿಯಾ ಅಂದಿದ್ರಲ್ಲ ಮೇಡಂ. ಅದು ಹೋಗಿ ಇದು ಬಂತಾ?"

"ಹಾಗಲ್ಲಮ್ಮ. ನಿಮ್ಮ ಮೆಷಿನ್ ಹೊಲಿಗೆ ಬಿಟ್ಟುಬಿಟ್ಟು ಹಾಕಿದ್ರೆ ಏನು ಮಾಡ್ತೀರಿ?"

"ಸೂಜಿ ನೋಡ್ತೀನಿ. ದಾರ ನೋಡ್ತೀನಿ. ಆಮೇಲೆ ಒಳಗಡೆ ಕೆಳದಾರ ಹಿಡಿಯೋ ಶಟಲ್ ಬಿಚ್ತೀನಿ."

"ಹೊಲಿಗೆ ಬಿಡ್ತಾ ಇದೆ, ಕೆಲಸ ಕೆಡ್ತಾ ಇದೆ ಅನ್ನೋದು ಡಿಮೆನ್ಷಿಯಾ. ನೆನಪು, ಲೆಕ್ಕಾಚಾರ, ದಿನದ ಕೆಲಸ ಎಲ್ಲ ತಪ್ಪೋದಕ್ಕೆ ಒಟ್ಟಾಗಿ ಆ ಹೆಸರು. ಯಾಕೆ ತಪ್ತಿದೆ ಅನ್ನೋದಕ್ಕೆ ಕಾರಣ ಬೇರೆ ಬೇರೆ. ಮಿದುಳಿಗೆ ಹೋಗೋ ರಕ್ತ ಕಟ್ಟಿಕೊಂಡೂ ಬರುತ್ತೆ, ಇನ್ನೂ ಕೆಲವು ಕಾಯಿಲೆಗಳಿಂದಲೂ ಬರುತ್ತೆ. ಎಲ್ಲಕ್ಕಿಂತ ಜಾಸ್ತಿ ಕಾಣೋದು ಆಲ್‌ಝೈಮರ್. ಕೆಲವು ಸಲ ವಿಟಮಿನ್ ಕಮ್ಮಿಯಾಗಿ, ಥೈರಾಯ್ಡ್ ಕೆಟ್ಟು ಹೀಗಾಗಿರುತ್ತೆ. ಸೂಜಿ ಬದಲಾಯಿಸಿದ ಹಾಗೆ, ಅದನ್ನ ಸರಿಮಾಡಿದ್ರೆ ಚೇತರಿಸಿಕೊಳ್ತಾರೆ. ಆ ಸೂಜಿ ಬದಲಾಯಿಸಿ ನೋಡಿದ್ವಿ."

"ಶಟಲ್ಲೇ ಸವೆದಿದೆ ಅಂತೀರಾ."

"ಹೂಂ."

"ಶಟಲ್ ಆದ್ರೆ ಹೊಸದು ಸಿಗುತ್ತೆ ಮೇಡಂ."

ಡಾಕ್ಟರು ಔಷಧಿ ಚೀಟಿ ಎಳೆದುಕೊಂಡರು. ಆಮೇಲೆ, ಗುಳಿಗೆ ಕೊಡುತ್ತೇನೆ, ಸ್ವಲ್ಪ ಕಾಲ ಆಸರೆಯಾಗಬಹುದು, ವಾಸಿಮಾಡುವುದಿಲ್ಲ ಎಂದು ಮೆಲ್ಲಗೆ ತಿಳಿಸಿದರು. ಮಾಸ್ಟರು ಅಷ್ಟು ಹೊತ್ತೂ ಕಿಟಕಿಯ ಪರದೆಯನ್ನು ಹಿಡಿದು ನೋಡುತ್ತಿದ್ದರು. "ಈ ಅಂಚು ಮಡಿಸಿದವನ ಕೈ ಮುರಿಯಾ, ಹಾವು ಹರಿದ ಹಾಗಿದೆ" ಎಂದರು. ಹಾಗೆಯೇ ಇತ್ತು.

ಹೊರಗೆ ಬಂದಾಗ ಮೈದುನ, "ನಾನೇ ಅದು ಬೇರೆ ಇದು ಬೇರೆ ಅಂತ ಹೇಳಿ ನಿಮ್ಮನ್ನ..." ಎಂದ.

"ಹೋಗ್ಲಿ ಬಿಡಪ್ಪ. ನನಗೂ ನಂಬಬೇಕಾಗಿತ್ತು, ನಂಬಿದೆ."

ಯೂನಿಫಾರಂ ಕೆಲಸವನ್ನು ಅವಳು ಪಕ್ಕದ ಬೀದಿಯ ದರ್ಜಿಗೆ ಬಿಟ್ಟುಕೊಟ್ಟಳು. ಬಂದ ಗಿರಾಕಿಗಳಿಗೆಲ್ಲ, "ಇನ್ಮೇಲೆ ಕತ್ತರಿಸೋದು ನಾನು. ಅವರಿಗೆ ಆಗಲ್ಲ. ಮನಸ್ಸಿದ್ರೆ ಕೊಡಿ" ಎಂದು ಬಾಯಿಬಿಟ್ಟು ಹೇಳಿದಳು. ಕೆಲವರು ಬಟ್ಟೆ ವಾಪಸ್ಸು ಒಯ್ದರು, ಕೆಲವರು ಕೊಟ್ಟರು. ಹೇಳಿದ ಮೇಲೆ ಹಗುರ ಆಯಿತೇ ಎಂದು ಕೇಳಿದೆ. "ಹಗುರ ಎಲ್ಲಿಂದ ಅಕ್ಕ? ಕದ್ದು ಕತ್ತರಿಸೋದು ತಪ್ಪಿತು, ಅಷ್ಟೇ" ಎಂದಳು.

ಅಲ್ಲಿಯವರೆಗೆ ಅವಳು, ಇಂದಲ್ಲ ನಾಳೆ ಅಭ್ಯಾಸ ಮರಳೀತೆಂದು ಬೆಳಿಗ್ಗೆ ಗಡ್ಡ ಮಾಡಿಕೊಳ್ಳುವ ಬ್ರಷ್ಷು, ಸೋಪು ಮಾಸ್ಟರ ಕೈಗೇ ಕೊಟ್ಟು ಕಾಯುತ್ತಿದ್ದಳು, ತಡವಾದರೆ ರೇಗುತ್ತಿದ್ದಳು. ಈಗ ಅಂಗಡಿಯ ಬಾಗಿಲು ತೆಗೆಯುವ ಮೊದಲು ಅವರನ್ನು ಹಿತ್ತಿಲ ಬಾಗಿಲ ಬೆಳಕಿಗೆ ಕೂರಿಸಿ, ಹೆಗಲಿಗೆ ಟವೆಲ್ ಹೊದಿಸಿ, ಬಿಸಿನೀರಲ್ಲಿ ಬ್ರಷ್ ಅದ್ದಿ ತಾನೇ ಕೆನ್ನೆಗೆ ನೊರೆ ಹಚ್ಚುತ್ತಾಳೆ.

"ತುಟಿ ಬಿಗಿ ಹಿಡೀರಿ. ಹಾಂ. ಈ ಕಡೆ ತಿರುಗಿ."

ಅವರು ತಿರುಗುತ್ತಾರೆ. ಅವಳು ಗಲ್ಲದ ಕೆಳಗಿನ ಸಡಿಲ ಚರ್ಮವನ್ನು ಹೆಬ್ಬೆರಳಿನಿಂದ ಎಳೆದು ಹಿಡಿದು, ಕೆಳಗಿನಿಂದ ಮೇಲಕ್ಕೆ ರೇಜರ್ ಎಳೆದು, ಅದಕ್ಕಂಟಿದ ನೊರೆಯನ್ನು ಮಗ್ಗಿನ ನೀರಿನಲ್ಲಿ ತೊಳೆದು, ಇನ್ನೊಂದು ಕೆನ್ನೆಗೆ ಹೋಗುತ್ತಾಳೆ.